ದೊಡ್ಡಿ ಸೇರದ ಹಿಂಡು

೨೦೧೯ರ ಸೆಪ್ಟೆಂಬರ್ ೨೭, ಶುಕ್ರವಾರ, ಸಂಜೆ ೭ ಗಂಟೆ ೧೦ ನಿಮಿಷ. ಉತ್ತರ ಧ್ರುವದ ಕಡೆಯ ಕಾಮನೆನ್ ಊರಿನ ಕವಲುದಾರಿಯ ಅಂಗಡಿಯ ಮುಂದೆ ಮಾರೆಟ್ ಕಾರಿನ ಕೀಲಿಗೆ ಕೈ ಚಾಚಿದಳು. ಅಕ್ಕ ರಿಸ್ತೆನ್ ಕೊಡಲಿಲ್ಲ.

“ಬೆಳಗ್ಗಿಂದ ನೀನೇ ಓಡ್ಸಿದೀಯ ಅಕ್ಕ. ಇನ್ನು ನಾನು ಓಡಿಸ್ತೀನಿ.”

“ನೀನು ಓಡ್ಸಿದ್ರೆ ಗುಡ್ಡ ಹತ್ತೋ ಹೊತ್ತಿಗೆ ಹಿಮ ಬಿದ್ದಿರುತ್ತೆ.”

ಮಾರೆಟ್ ನಕ್ಕು ಪಕ್ಕದ ಸೀಟಿನಲ್ಲಿ ಕೂತು ಒಣಮಾಂಸದ ಪೊಟ್ಟಣ ಬಿಚ್ಚಿದಳು. ಪ್ರತಿ ಶರತ್ಕಾಲದಲ್ಲಿ ಮೂರು ದಿನ ಅಕ್ಕತಂಗಿಯರು ಹೀಗೆ ಹೊರಡುತ್ತಿದ್ದರು. ಬರ್ಚ್ ಮರಗಳ ಹಳದಿ ಅರ್ಧ ಉದುರಿ, ಕೆರೆಗಳು ಇನ್ನೂ ಹೆಪ್ಪುಗಟ್ಟದೆ ಇರುವ ದಿನಗಳವು. ನೀರಿನಲ್ಲೂ ಬಾನಿನಲ್ಲೂ ಧ್ರುವಪ್ರಭೆ ಚಿತ್ರಕ್ಕೆ ಸಿಕ್ಕುವುದು ಆಗ ಮಾತ್ರ. ರಿಸ್ತೆನ್ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು. ಅವಳು ತೆಗೆದ ಚಿತ್ರಗಳು ಇನಾರಿ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲಿದ್ದವು.

ಈ ಸಲ ಅವಳು ಒಂದು ಮಾತನ್ನು ಬಚ್ಚಿಟ್ಟುಕೊಂಡು ಹೊರಟಿದ್ದಳು. ಮೂರು ವಾರದ ಹಿಂದೆ ಪಟ್ಟಣದ ಕಣ್ಣಿನ ವೈದ್ಯೆ ಅವಳ ಗಲ್ಲವನ್ನು ಯಂತ್ರದ ಮೇಲಿಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದ್ದಳು. ಚುಕ್ಕೆಗಳು ನಿಂತುಹೋದವೆಂದು ರಿಸ್ತೆನ್ ಸುಮ್ಮನೆ ಕಾಯುತ್ತಿದ್ದಾಗಲೂ ಅವು ಬರುತ್ತಲೇ ಇದ್ದವಂತೆ. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಿದೆ, ಕಾರು ಮುಟ್ಟಬೇಡಿ, ಕತ್ತಲಾದ ಮೇಲಂತೂ ಬೇಡವೇ ಬೇಡ, ನವೆಂಬರಿನಲ್ಲಿ ಮತ್ತೆ ಅಳೆಯುತ್ತೇನೆ, ಆಗಲೂ ಹೀಗೆಯೇ ಇದ್ದರೆ ಪೊಲೀಸರಿಗೆ ಬರೆಯಲೇಬೇಕಾಗುತ್ತದೆ ಎಂದಿದ್ದಳು ವೈದ್ಯೆ. ಪರವಾನಗಿ ಹೋದರೆ ತೇನೋ ನದಿಯ ದಂಡೆಯ ತನ್ನ ಮನೆಯೂ ಹೋದ ಹಾಗೆಯೇ. ಅಲ್ಲಿಂದ ಅಂಗಡಿಗೆ ನಲವತ್ತು ಕಿಲೋಮೀಟರ್. ಒಂಟಿಯಾಗಿ ಇರುವವರು ಕಾರಿಲ್ಲದೆ ಅಲ್ಲಿ ಒಂದು ಚಳಿಗಾಲವನ್ನೂ ಕಳೆಯಲಾರರು.

ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಕಡಲತೀರದ ದೀಪಸ್ತಂಭದ ಸುತ್ತುವ ಬೆಳಕಿನ ಹಾಗೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಓಡಿಸುವುದು. ಮಾರೆಟ್ ಅದನ್ನು ಗಮನಿಸಿ, ತರಗತಿಯಲ್ಲಿ ಕಾಪಿ ಹೊಡೆಯುವವರನ್ನು ಹುಡುಕಿ ಹುಡುಕಿ ಅಕ್ಕನ ಕತ್ತಿಗೆ ಕೀಲು ಹಾಕಿದಂತಾಗಿದೆ ಎಂದು ದಾರಿಯುದ್ದಕ್ಕೂ ಆಡಿಕೊಂಡಿದ್ದಳು.

ಕರಿಗಸ್ನಿಯೆಮಿ ರಸ್ತೆಗೆ ತಿರುಗಿ ಸ್ವಲ್ಪ ದೂರ ಹೋದ ಮೇಲೆ ರಿಸ್ತೆನ್ ತಲೆ ಆಡಿಸುವುದನ್ನು ನಿಲ್ಲಿಸಿದಳು. ಇಲ್ಲಿಂದ ಮುಂದೆ ಮೇಯುವುದು ಸೋದರಮಾವ ಸಮ್ಮೋಲನ ಕಡೆಯವರ ಹಿಮಸಾರಂಗಗಳು. ಬೆದೆಗೆ ಮುಂಚೆ, ಸೆಪ್ಟೆಂಬರಿನ ಮೂರನೆಯ ವಾರದಲ್ಲಿ, ಅವರು ಹಿಂಡನ್ನೆಲ್ಲ ಒಟ್ಟುಗೂಡಿಸಿ ದೊಡ್ಡಿಗೆ ಸೇರಿಸಿಬಿಡುತ್ತಾರೆ. ಹೊರಗಿನ ಪ್ರವಾಸಿಗರು ಇಲ್ಲಿ ಹೆದರಿ ತೆವಳುತ್ತಾರೆ. ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಲೆಕ್ಕ ಇದು: ಈ ವಾರ ಈ ರಸ್ತೆ ಖಾಲಿ. ಕಾರಿನ ವೇಗ ಎಂಬತ್ತಕ್ಕೆ ಏರಿತು. ಉತ್ತರದಲ್ಲಿ ಧ್ರುವಪ್ರಭೆಯ ಮೊದಲ ಕಮಾನು ಬೂದು ಹೊಗೆಯಂತೆ ಎದ್ದಿತ್ತು. ಅದರ ಹಸಿರು ಕ್ಯಾಮೆರಾಕ್ಕೆ ಮಾತ್ರ ಕಾಣುವ ಹೊತ್ತು.

ರಸ್ತೆ ಎಡಕ್ಕೆ ಬಾಗಿತು.

“ಅಕ್ಕ, ಎಡಕ್ಕೆ ನೋಡು... ಅಕ್ಕ!”

ಸದ್ದು ಮೊದಲು ಬಂತು. ಆಮೇಲೆ ಕೊಂಬು ಕಂಡಿತು. ಕಾರು ಚರಂಡಿಯ ಅಂಚಿನಲ್ಲಿ ನಿಂತಾಗ ಎಡಗಡೆಯ ದೀಪ ಒಡೆದಿತ್ತು. ಇಬ್ಬರಿಗೂ ಪೆಟ್ಟಾಗಿರಲಿಲ್ಲ. ಹಿಂದೆ ಡಾಂಬರಿನ ಮೇಲೆ ದೊಡ್ಡದೊಂದು ಗಂಡು ಹಿಮಸಾರಂಗ ಕತ್ತು ಮುರಿದು ಬಿದ್ದಿತ್ತು. ಅವರು ಹತ್ತಿರ ಹೋಗುವಷ್ಟರಲ್ಲಿ ಪ್ರಾಣ ಹೋಗಿತ್ತು.

ಮಾರೆಟ್ ತುರ್ತು ಸಂಖ್ಯೆಗೆ ಫೋನ್ ಮಾಡಿ ಜಾಗ ಹೇಳಿದಳು. ಗುರುತಿಗೆಂದು ತನ್ನ ಕೆಂಪು ಶಾಲನ್ನು ರಸ್ತೆಬದಿಯ ಕಂಬಕ್ಕೆ ಕಟ್ಟಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

“ಅದು ಓಡಿ ಬರ್ಲಿಲ್ಲ. ನಡ್ಕೊಂಡು ಬಂತು. ಆಚೆ ಬದಿಯಿಂದ ನಿಧಾನಕ್ಕೆ. ನಿನಗೆ ಕಾಣ್ಲಿಲ್ವಾ?”

ಬಾನಿನ ಕಡೆ ನೋಡುತ್ತಿದ್ದೆ ಎಂದಳು ರಿಸ್ತೆನ್. ಅದು ಸುಳ್ಳು. ಅವಳು ರಸ್ತೆಯನ್ನೇ ನೋಡುತ್ತಿದ್ದಳು. ಎಡಕ್ಕಿದ್ದ, ಎದುರು ಬರುವ ವಾಹನಗಳ ಪಥ ಮೂರೂವರೆ ಮೀಟರ್ ಅಗಲ. ನಡೆಯುವ ಪ್ರಾಣಿಗೆ ಅದನ್ನು ದಾಟಲು ಎರಡು ಸೆಕೆಂಡಾದರೂ ಬೇಕು. ಅಷ್ಟು ಹೊತ್ತು ಅದು ದೀಪದ ಬೆಳಕಿನಲ್ಲೇ ಇದ್ದಿರಬೇಕು. ಲೆಕ್ಕವನ್ನು ಎಲ್ಲಿಂದ ಶುರುಮಾಡಿದರೂ ಉತ್ತರ ಅದೇ ಬಂತು.

ಅರ್ಧ ಗಂಟೆಯಲ್ಲಿ ಸಮ್ಮೋಲ್ ಮಾವನ ಹಳೆಯ ಪಿಕಪ್ ಬಂತು. ಆ ಭಾಗದಲ್ಲಿ ಸತ್ತ ಪ್ರಾಣಿಗಳನ್ನು ನೋಡಿಕೊಳ್ಳುವ ಸರದಿ ಈ ತಿಂಗಳು ಅವನದಾಗಿತ್ತು. ಇಬ್ಬರ ಮುಖಗಳನ್ನೂ ನೋಡಿ, ಮೂಳೆ ಎಲ್ಲ ಸರಿ ಇದೆಯೇ ಎಂದು ಕೇಳಿ, ಮೊಣಕಾಲೂರಿದ. ಟಾರ್ಚ್ ಹಚ್ಚಲಿಲ್ಲ. ಪ್ರಾಣಿಯ ಕಿವಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಚಾಕುವಿನಿಂದ ಕತ್ತರಿಸಿದ ಒಡೆಯನ ಗುರುತುಗಳನ್ನು ಓದಿದ.

“ನಂದೇ,” ಎಂದ.

ರಿಸ್ತೆನ್ ಏನೋ ಹೇಳಲು ಹೋದಳು. ಅವನು ಕೈ ಎತ್ತಿ ತಡೆದ. ಹತ್ತು ದಿನ ಬೆಟ್ಟದ ಮೇಲೆ ಮಂಜು ಕೂತಿತ್ತಂತೆ, ಹಿಂಡು ಅಟ್ಟುವ ಹೆಲಿಕಾಪ್ಟರ್ ಹಾರಲಿಲ್ಲವಂತೆ, ಒಟ್ಟುಗೂಡಿಸುವ ಕೆಲಸ ಮುಂದಿನ ವಾರಕ್ಕೆ ಹೋಯಿತಂತೆ.

“ನಮ್ಮೋರೆಲ್ಲ ಈ ರಸ್ತೆ ಖಾಲಿ ಅಂತ್ಲೇ ಓಡಿಸ್ತಾರೆ. ನಾನು ನಾಲ್ಕು ಕಡೆ ಫೋನ್ ಮಾಡಿ ಹೇಳ್ಬೇಕಿತ್ತು, ಮಾಡ್ಲಿಲ್ಲ. ಪೊಲೀಸರಿಗೂ ಹಾಗೇ ಹೇಳ್ತೀನಿ. ತಪ್ಪು ನಂದು, ಮಗಳೇ.”

ರಿಸ್ತೆನ್ ಜೇಬಿಗೆ ಕೈ ಹಾಕಿ ಕೀಲಿಯನ್ನು ಮುಟ್ಟಿದಳು. ಮಾವ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದನ್ನು ಒಪ್ಪಿಕೊಂಡರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ನವೆಂಬರಿನವರೆಗಾದರೂ ಮನೆ ಉಳಿಯುತ್ತದೆ. ಆಮೇಲೆ ಪರೀಕ್ಷೆಗೆ ಹೋಗದೆಯೂ ಇರಬಹುದು.

ಆ ಹೊತ್ತಿಗೆ ಕಮಾನು ಒಡೆದು ನೆತ್ತಿಯ ಮೇಲೆ ಹಸಿರು ಪರದೆಗಳು ಇಳಿಯತೊಡಗಿದ್ದವು. ಎಷ್ಟೋ ವರ್ಷಗಳಲ್ಲಿ ಇಷ್ಟು ಜೋರಾಗಿ ಬಂದದ್ದಿಲ್ಲ ಎಂದಳು ಮಾರೆಟ್, ಯಾವ ಉತ್ಸಾಹವೂ ಇಲ್ಲದೆ. ಕ್ಯಾಮೆರಾ ಸೀಟಿನ ಮೇಲೆಯೇ ಇತ್ತು. ರಿಸ್ತೆನ್ ತಲೆ ಎತ್ತಿದಳು. ಅವಳಿಗೆ ಕಂಡದ್ದು ಒಂದು ಪರದೆಯ ನಡುವಿನ ತುಂಡು ಮಾತ್ರ. ಉಳಿದದ್ದಕ್ಕೆ ಕತ್ತು ತಿರುಗಿಸಬೇಕಿತ್ತು. ತಿರುಗಿಸುವಷ್ಟರಲ್ಲಿ ಮೊದಲಿನದು ಆರಿಹೋಗುತ್ತಿತ್ತು.

ಮಾವ ಫ್ಲಾಸ್ಕ್ ತೆರೆದು ಮಾರೆಟ್‌ಗೆ ಕಾಫಿ ಕೊಟ್ಟದ್ದು ರಿಸ್ತೆನ್‌ಗೆ ಕೇಳಿಸಿತು. ಕಾಫಿಯ ವಾಸನೆ ಹತ್ತಿರ ಬಂತು. ಅವನೂ ಕುಡಿಯುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಇಬ್ಬರ ಮಾತೂ ನಿಂತುಹೋಗಿದೆ ಎಂಬುದು ಅವಳ ಗಮನಕ್ಕೆ ಬಂತು. ಎಡಕ್ಕೆ ತಿರುಗಿದಳು. ಅವಳ ಭುಜದಿಂದ ಗೇಣು ದೂರದಲ್ಲಿ ಬಟ್ಟಲನ್ನು ಅವಳತ್ತ ಚಾಚಿ ಮಾವ ನಿಂತಿದ್ದ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ. ಬಟ್ಟಲು ತೆಗೆದುಕೊಂಡಾಗ ಕಾಫಿ ಉಗುರುಬೆಚ್ಚಗಾಗಿತ್ತು.

“ಕತ್ತಲು ಜಾಸ್ತಿ ಇವತ್ತು,” ಎಂದ ಸಮ್ಮೋಲ್, ಹಸಿರು ಬೆಳಕಿನಲ್ಲಿ ಅವನ ಮುಖದ ಒಂದೊಂದು ಗೆರೆಯೂ ಎದ್ದು ಕಾಣುತ್ತಿದ್ದಾಗ.

ಮಾರೆಟ್ ಅಕ್ಕನನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ಕತ್ತಿನ ಬಗ್ಗೆ ತಾನು ಆಡಿದ ತಮಾಷೆಯೆಲ್ಲ ಅವಳ ಬಾಯಲ್ಲಿ ಕಹಿಯಾದಂತಿತ್ತು.

ರಿಸ್ತೆನ್ ಜೇಬಿನಿಂದ ಕೀಲಿ ತೆಗೆದು ತಂಗಿಯ ಕೈಗೆ ಹಾಕಿದಳು.

“ತಪ್ಪು ನಿಮ್ಮದಲ್ಲ ಮಾವ. ಹಿಂಡು ಹೊರಗಿದೆ ಅಂತ ಗೊತ್ತಿಲ್ಲದಿದ್ರೂ, ಕಣ್ಣಿದ್ದೋರು ಬ್ರೇಕ್ ಹಾಕ್ತಿದ್ರು. ಪೊಲೀಸರಿಗೆ ನಾನೇ ಹೇಳ್ತೀನಿ. ಡಾಕ್ಟ್ರು ಅಳೆದು ಹೇಳಿದಾರೆ, ಮೂರು ವಾರ ಆಯ್ತು.”

“ಎಷ್ಟು ಕಾಣುತ್ತೆ ಅಂದ್ರು?” ಎಂದಳು ಮಾರೆಟ್.

ನಿನ್ನ ಹಿಂಡಿನಲ್ಲಿ ಎಷ್ಟಿವೆ ಎಂದು ಒಬ್ಬರನ್ನೊಬ್ಬರು ಕೇಳುವ ರೂಢಿ ಹಿಮಸಾರಂಗ ಸಾಕುವ ಅವರ ಜನರಲ್ಲಿ ಇಲ್ಲ; ಅದು ಒಬ್ಬರ ಗಂಟೆಷ್ಟು ಎಂದು ಕೇಳಿದ ಹಾಗೆ. ಅಂಥ ಪ್ರಶ್ನೆಯೊಂದು ಕಿವಿಗೆ ಬಿದ್ದವನಂತೆ ಸಮ್ಮೋಲ್ ಮುಖ ತಿರುಗಿಸಿ ಸತ್ತ ಪ್ರಾಣಿಯ ಕಡೆ ನಡೆದ.

ಎಲ್ಲರ ನೋಟವೂ ಹೆಚ್ಚುಕಡಿಮೆ ನೂರ ಎಂಬತ್ತು ಡಿಗ್ರಿ ಹರಡಿರುತ್ತದೆ ಎಂದು ರಿಸ್ತೆನ್ ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು. ತನ್ನದು, ಎರಡೂ ಕಣ್ಣು ಸೇರಿ, ಇಪ್ಪತ್ತೆರಡು ಡಿಗ್ರಿ.