ಹದಿನೈದು ಸೆಕೆಂಡಿನ ಸ್ಕೂಟರ್

ಸಣ್ಣಸ್ವಾಮಿಗೆ ಹರಾಜು ಗೊತ್ತು ಎಂಬ ಮಾತು ಊರಿನಲ್ಲಿತ್ತು. ಆ ಮಾತನ್ನು ಹುಟ್ಟಿಸಿದವನೂ ಸಣ್ಣಸ್ವಾಮಿಯೇ. ಹೊಗೆಸೊಪ್ಪಿನ ಬೇಲ್‌ಗಳನ್ನು ಟೆಂಪೋಗೆ ತುಂಬಿಕೊಂಡು ಹೊಳೆಯಾಚೆಯ ಹರಾಜು ಮಾರುಕಟ್ಟೆಗೆ ಹೋಗಿ ಬಂದ ದಿನ ಅವನು ಕಾಲು ತೊಳೆಯುವ ಮೊದಲೇ ಜಗಲಿಯಲ್ಲಿ ಕೂತು ಶುರುಮಾಡುತ್ತಿದ್ದ. ಕಂಪನಿಯವರು ಕೈಯಲ್ಲಿ ಬೆಲೆ ಒತ್ತುವ ಮೆಷಿನ್ ಹಿಡಿದು ಹೇಗೆ ಸಾಲಾಗಿ ಬಂದರು, ಎಷ್ಟು ಒತ್ತಿದರು, ಬೆಲೆ ಸಾಲದೆಂದು ತಾನು ಹೇಗೆ ತಲೆ ಅಲ್ಲಾಡಿಸಿ "ನೋ ಸೇಲ್" ಎಂದ, ಬೇಲ್ ಮನೆಗೆ ವಾಪಸ್ ಬಂದ ಮೇಲೆ ಮರುವಾರ ಅವರೇ ಹೇಗೆ ನಾಲ್ಕು ರೂಪಾಯಿ ಏರಿಸಿದರು.

"ಎಲೆ ಮುಟ್ಟುದ್ರೆ ಸಾಕು ಕಣ್ಲಾ ಜವರ, ಕೆಜಿ ಎಷ್ಟಕ್ಕೆ ಹೋಯ್ತದೆ ಅಂತ ಕಣ್ಣು ಮುಚ್ಕೊಂಡು ಹೇಳ್ಬುಡ್ತೀನಿ" ಎನ್ನುತ್ತಿದ್ದ ಪಕ್ಕದ ಮನೆಯವನಿಗೆ.

ಅವನ ಹೆಂಡತಿ ರಂಗಮ್ಮ ಒಳಗಿನಿಂದ ಇದನ್ನು ಕೇಳುತ್ತಿದ್ದಳು. ಬೆಂಕಿ ಹಾಕಿದ ಬ್ಯಾರನ್ನಿನ ಗೂಡಿನಲ್ಲಿ ಬೆಂದು ಬಂದ ಸೊಪ್ಪನ್ನು ಇಪ್ಪತ್ನಾಲ್ಕು ವರ್ಷದಿಂದ ನೆಲದ ಮೇಲೆ ಕೂತು ಒಂದೊಂದೇ ಎಲೆ ಬಿಡಿಸಿ, ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಹಸಿರು ಉಳಿದದ್ದು, ಕಪ್ಪು ಹೊಡೆದದ್ದು ಬೇರೆ ಬೇರೆ ಮಾಡಿ ಜೋಡಿಸುತ್ತಿದ್ದವಳು ಅವಳು. ಸಣ್ಣಸ್ವಾಮಿ ಎಲೆ ಮುಟ್ಟುತ್ತಿದ್ದದ್ದು ಬೇಲ್ ಹೊರುವಾಗ ಮಾತ್ರ, ಅದೂ ಗೋಣಿತಾಟಿನ ಮೇಲಿಂದ. ಅವನಿಗೆ ಸಿಗುತ್ತಿದ್ದ ಬೆಲೆ ಅವಳ ಬೆರಳಿನದು. ಇದನ್ನು ಅವಳು ಒಂದು ದಿನವೂ ಹೇಳಿರಲಿಲ್ಲ. ವಿನಯದಿಂದಲ್ಲ. ಹೇಳಿದರೆ ಅವನಿಗೆ ಅರ್ಥವಾದೀತು ಎಂಬ ನಂಬಿಕೆ ಅವಳಿಗಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದು ಸ್ಕೂಟರ್. ಕುಶಾಲನಗರದ ಉತ್ತರಕ್ಕಿರುವ ಆ ಊರಿಗೆ ದಿನಕ್ಕೆ ಎರಡೇ ಬಸ್ಸು. ಡೈರಿ, ಬ್ಯಾಂಕು, ಔಷಧದ ಅಂಗಡಿ, ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಲು ತವರು, ಎಲ್ಲಿಗೆ ಹೋಗಬೇಕಾದರೂ ಗಂಡನ ಬೈಕಿನ ಹಿಂದೆ, ಅವನ ಬಿಡುವು ಕಾಯ್ದು, ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಮುದುಡಿ ಕೂರಬೇಕು. ಹೋದ ವರ್ಷ ತಾಯಿಗೆ ಕಾಯಿಲೆ ಜೋರಾದ ದಿನ ಅವನು ಇಸ್ಪೀಟಿನ ಮಧ್ಯೆ ಇದ್ದ. ಅವಳು ತಲುಪುವಾಗ ತಾಯಿಯ ಬಾಯಿಗೆ ನೀರು ಬಿಟ್ಟಾಗಿತ್ತು. ಆ ಮೇಲೆ ಅವಳು ಮಗಳು ಸೌಮ್ಯಳ ಗೆಳತಿಯ ಸ್ಕೂಟರ್ ಕೇಳಿ ಪಡೆದು, ಬ್ಯಾರನ್ನಿನ ಹಿಂದಿನ ಬಯಲಿನಲ್ಲಿ ಎರಡು ಸಲ ಬಿದ್ದು ಓಡಿಸಲು ಕಲಿತಿದ್ದಳು. ತಾನು ಸಾಕಿದ ಎರಡು ಕಡಸುಗಳನ್ನು ಮಾರಿ ಇಪ್ಪತ್ತು ಸಾವಿರ ತನ್ನ ಹೆಸರಿನ ಖಾತೆಗೆ ಹಾಕಿದ್ದಳು. ಸಂಕ್ರಾಂತಿ ಕಳೆದ ಮೇಲೆ ಶೋರೂಮಿಗೆ ಕಟ್ಟುವ ಮುಂಗಡ ಅದು, ಉಳಿದದ್ದು ಕಂತಿನಲ್ಲಿ. ಪಾಸ್‌ಬುಕ್ ಅವಳ ಟ್ರಂಕಿನಲ್ಲಿತ್ತು. ಖಾತೆಗೆ ಕೊಟ್ಟ ಫೋನ್ ನಂಬರ್ ಮಾತ್ರ ಗಂಡನ ಜೇಬಿನಲ್ಲಿತ್ತು.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಕೊರಿಯರ್‌ನವನು ಮಿಕ್ಸಿ ತಂದು ಕೊಟ್ಟ.

"ಎಷ್ಟು ಹೇಳು ನೋಡನ?" ಎಂದ ಸಣ್ಣಸ್ವಾಮಿ. ಅವನ ಮುಖ ದೀಪ ಹಚ್ಚಿದ ಹಾಗಿತ್ತು. "ಅರವತ್ಮೂರು ರೂಪಾಯಿ! ಅಂಗಡಿಲಿ ಎರಡು ಸಾವಿರದ ಎಂಟ್ನೂರು ಐತೆ. ಫೋನಲ್ಲೇ ಹರಾಜು ಕಣೆ. ಕಂಪನಿಯೋರು ಒತ್ತೋ ಹಂಗೇ ಒತ್ತೋದು."

ಬಿ.ಕಾಂ. ಓದುತ್ತಿದ್ದ ಸೌಮ್ಯ ಫೋನಿನಲ್ಲಿ ಆ ಹರಾಜಿನ ವೆಬ್‌ಸೈಟನ್ನು ತೆರೆದು ನೋಡಿ ತಾಯಿಗೆ ಬಿಡಿಸಿ ಹೇಳಿದಳು. ಅಲ್ಲಿ ಕೂಗುವುದಕ್ಕೇ ದುಡ್ಡು, ಮುಂಚೆಯೇ ಬಿಡ್‌ಗಳನ್ನು ಕೊಂಡಿಟ್ಟುಕೊಳ್ಳಬೇಕು. ಒಂದು ಸಲ ಒತ್ತಿದರೆ ಹತ್ತು ರೂಪಾಯಿ ಹೋಯಿತು. ವಸ್ತುವಿನ ಬೆಲೆ ಹತ್ತೇ ಪೈಸೆ ಏರುತ್ತದೆ, ಗಡಿಯಾರ ಮತ್ತೆ ಹದಿನೈದು ಸೆಕೆಂಡಿಗೆ ಹೋಗಿ ಇಳಿಯತೊಡಗುತ್ತದೆ. ಯಾರೂ ಒತ್ತದೆ ಅದು ಸೊನ್ನೆಗೆ ಬಂದರೆ ಕೊನೆಗೆ ಒತ್ತಿದವನಿಗೆ ವಸ್ತು. ಉಳಿದವರಿಗೆ ಒತ್ತಿದ ಸುಖ.

"ಅಪ್ಪ ಮಿಕ್ಸಿಗೆ ನೂರು ಸಲ ಒತ್ತೈತೆ ಅವ್ವ. ಸಾವಿರ ರೂಪಾಯಿ ಅಲ್ಲೇ ಹೋಯ್ತು."

"ಆದ್ರೂ ಅಗ್ಗ ಆಯ್ತಲ್ಲ" ಎಂದಳು ರಂಗಮ್ಮ. ಆಗಿತ್ತು, ಸುಳ್ಳೇಕೆ ಹೇಳಬೇಕು. ಮಿಕ್ಸಿ ಒಳ್ಳೆಯದೇ. ಚಟ್ನಿ ನುಣ್ಣಗೆ ಬರುತ್ತಿತ್ತು. ಊರಿನ ಐದಾರು ಗಂಡಸರು ಬಂದು ಅದನ್ನು ಎತ್ತಿ, ತಿರುಗಿಸಿ, ಕೆಳಗೆ ನೋಡಿ, ತಾವೂ ಸೈಟಿಗೆ ಸೇರಿಕೊಂಡು ಹೋದರು. ಅರವತ್ಮೂರು ಎಂಬುದನ್ನು ಎಲ್ಲರೂ ಕೇಳಿಸಿಕೊಂಡರು. ಸಾವಿರ ಎಂಬುದು ಯಾರ ಕಿವಿಗೂ ಬೀಳಲಿಲ್ಲ.

ಡಿಸೆಂಬರಿನಲ್ಲಿ ಸೈಟಿಗೆ ಸ್ಕೂಟರ್ ಬಂತು. ನೀಲಿ ಬಣ್ಣದ್ದು. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಹರಾಜು, ಮುಗಿಯದಿದ್ದರೆ ಮರುದಿನ ಮುಂದುವರಿಕೆ.

"ನಿಂಗೇ ಕಣೆ. ಎಂಬತ್ತು ಸಾವಿರ ಕೊಟ್ಟು ಯಾವ ಪೆದ್ದ ಶೋರೂಮಲ್ಲಿ ತಗೊಂಡಾನು?"

"ಒತ್ತೋಕೆ ದುಡ್ಡೆಲ್ಲಿಂದ?"

"ಅದೆಲ್ಲ ಚಿಲ್ಲರೆ, ಬುಡು."

ಸೊಪ್ಪು ಬಿಡಿಸುವ ಕೊಟ್ಟಿಗೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ಗಂಡಸರು ಅಲ್ಲೇ ಬೀಡುಬಿಟ್ಟರು. ರಂಗಮ್ಮ ಎಲೆ ಬಿಡಿಸುತ್ತಿದ್ದಾಗ ಎದುರಿಗೆ ಸಣ್ಣಸ್ವಾಮಿ, ಜವರ, ಜವರನ ತಮ್ಮ ನಿಂಗ ಒಂದು ಫೋನಿನ ಮೇಲೆ ತಲೆ ಜೋಡಿಸಿ ಕೂತಿರುತ್ತಿದ್ದರು. ಕಂಪನಿಯವರು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರದಂತೆ ನೋಡಿಕೊಳ್ಳುತ್ತಾರೆ ಎಂಬುದು ಹೊಗೆಸೊಪ್ಪಿನವರ ಹಳೆಯ ದೂರು. ಅದೇ ಉಪಾಯವನ್ನು ಇವರು ಇಲ್ಲಿ ಹೂಡಿದ್ದರು. ಊರಿನ ಯಾರೂ ಸ್ಕೂಟರಿಗೆ ಒತ್ತಬಾರದು, ಸಣ್ಣಸ್ವಾಮಿ ಒಬ್ಬನೇ ಒತ್ತಬೇಕು.

"ನಮ್ ಕಡೆಯಿಂದ ಪೈಪೋಟಿನೇ ಇಲ್ಲ ಅಂದ್ಮೇಲೆ ಬೆಲೆ ಎಲ್ಲಿ ಏರ್ತದೆ, ಅಲ್ವಾ ಸಣ್ಣಣ್ಣ?" ಎಂದ ನಿಂಗ.

ಇಡೀ ದೇಶ ಒತ್ತುತ್ತಿರುವ ಕಡೆ ಒಂದು ಊರಿನ ಆರು ಗಂಡಸರು ಸುಮ್ಮನಿದ್ದರೆ ಹರಾಜು ಬೆಚ್ಚಿ ಬೀಳುತ್ತದೆ ಎಂದುಕೊಂಡವರನ್ನು ರಂಗಮ್ಮ ತಲೆಯೆತ್ತಿ ನೋಡಿದಳು. ಮೂಗಿನ ಮೇಲೆ ಕೂತ ಸೊಪ್ಪಿನ ಧೂಳು ಒರೆಸಿಕೊಂಡಳು.

ಎರಡನೆಯ ದಿನ ಊಟದ ಹೊತ್ತಿಗೆ ಸಣ್ಣಸ್ವಾಮಿ ಫೋನನ್ನು ಅವಳ ಕೈಗೆ ತುರುಕಿದ. "ಹಿಡ್ಕೊ ಸ್ವಲ್ಪ. ಗಡಿಯಾರ ಎರಡಕ್ಕೆ ಬಂದಾಗ ಒತ್ತು. ಬುಟ್ಬುಟ್ಟೀಯ, ಹುಷಾರು!"

ಬಲಗೈಯನ್ನು ಸೀರೆಗೆ ಒರೆಸಿಕೊಂಡು ರಂಗಮ್ಮ ಒತ್ತಿದಳು. ಪರದೆಯ ಮೇಲೆ ನೀಲಿ ಸ್ಕೂಟರಿನ ಕೆಳಗೆ ಗಂಡನ ಹೆಸರು ಬಂತು. ಹದಿನೈದು, ಹದಿನಾಲ್ಕು, ಹದಿಮೂರು. ಅಷ್ಟು ಹೊತ್ತು ಸ್ಕೂಟರ್ ಅವಳದು. ಡೈರಿಯ ತಿರುವಿನಲ್ಲಿ ಅವಳು ಹಾರ್ನ್ ಹೊಡೆದಳು, ತವರಿನ ಬಾಗಿಲಲ್ಲಿ ಸ್ಟ್ಯಾಂಡ್ ಹಾಕಿದಳು, ತಾಯಿ ಇನ್ನೂ ಎದ್ದು ಕೂತಿದ್ದಳು. ಎರಡಕ್ಕೆ ಬಂದಾಗ ಪುಟ್ಟ-45 ಎಂಬ ಹೆಸರು ಬಂದು ಅದನ್ನು ಕಿತ್ತುಕೊಂಡಿತು. ಅವಳು ಮತ್ತೆ ಒತ್ತಿದಳು. ಮತ್ತೆ. ಎಷ್ಟು ಸಲ ಎಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಬಹಳ ದಿನ ಅವಳಿಗೆ ಹೇಸಿಗೆಯಾದದ್ದು ಗಂಡ ಒತ್ತಿದ್ದಕ್ಕಲ್ಲ, ಆ ಅರ್ಧ ಗಂಟೆ ತನ್ನ ಹೆಬ್ಬೆರಳು ಅವನ ಹೆಬ್ಬೆರಳಿನ ಹಾಗೆಯೇ ನಡೆದುಕೊಂಡದ್ದಕ್ಕೆ.

ಆದರೆ ಕಣ್ಣು ಅವಳದೇ. ದಿನಕ್ಕೆ ಸಾವಿರಾರು ಎಲೆ ನೋಡುವ ಕಣ್ಣು. ಒಂದೇ ಗಿಡದ ಎರಡು ಎಲೆ ಒಂದೇ ಹಾಗಿರುವುದನ್ನು ಅವಳು ಕಂಡವಳಲ್ಲ. ಈ ಪುಟ್ಟ-45 ಮಾತ್ರ ಪ್ರತಿ ಸಲ ಎರಡಕ್ಕೆ ಸರಿಯಾಗಿ ಬರುತ್ತಿದ್ದ. ಮೂರಕ್ಕಿಲ್ಲ, ಒಂದಕ್ಕಿಲ್ಲ. ಕೆಮ್ಮು, ಸೀನು, ನೀರಡಿಕೆ ಯಾವುದೂ ಅವನಿಗಿಲ್ಲ.

ಅಷ್ಟರಲ್ಲಿ ಪರದೆಯ ಮೇಲ್ಗಡೆ ಒಂದು ಮೆಸೇಜು ಇಳಿಯಿತು. ಬೆಳಿಗ್ಗೆಯೇ ಬರಬೇಕಾಗಿದ್ದು ತಡವಾಗಿ ಬಂದ ಬ್ಯಾಂಕಿನ ಮೆಸೇಜು. ಎಸ್. ರಂಗಮ್ಮ ಎಂಬುವವರ ಖಾತೆಯಿಂದ ಐದು ಸಾವಿರ ಹೋಗಿದೆ, ನೂರ ನಲವತ್ತು ಉಳಿದಿದೆ.

ಅವಳು ಎರಡು ಸಲ ಓದಿದಳು. ಗಡಿಯಾರ ಐದಕ್ಕೆ, ನಾಲ್ಕಕ್ಕೆ ಇಳಿಯಿತು. ಒತ್ತಲಿಲ್ಲ. ಪರದೆಯಲ್ಲಿ ಗಂಡನ ಹೆಸರಿರಲಿಲ್ಲ, ಯಾರೋ ಬೇರೆಯವರದಿತ್ತು. ಎರಡಕ್ಕೆ ಪುಟ್ಟ-45 ಬಂದ, ಮದುವೆ ಮನೆಗೆ ಊಟಕ್ಕೆ ಬರುವವನ ಹಾಗೆ.

ಸಣ್ಣಸ್ವಾಮಿ ಕೈ ತೊಳೆದು ಬಂದ. ಜವರ, ನಿಂಗ ಹಿಂದೆಯೇ ಬಂದರು.

"ಇದು ನನ್ ಕಡಸಿನ ದುಡ್ಡು" ಎಂದಳು.

"ನಿನ್ ಸ್ಕೂಟರಿಗೇ ತಾನೆ? ಬ್ಯಾರೆ ಯಾವಳಿಗಾದ್ರೂ ಕೊಟ್ನಾ?"

ಜವರ ನಕ್ಕ. ರಂಗಮ್ಮ ಪರದೆ ತೋರಿಸಿದಳು.

"ಈ ಪುಟ್ಟ ಅನ್ನೋನು ಮನುಷ್ಯ ಅಲ್ಲ ಕಣ್ರಿ. ಮೆಷಿನ್ನು. ಸೈಟಿನೋರೇ ಇಟ್ಟವ್ರೆ. ನೋಡಿ, ಯಾವಾಗ್ಲೂ ಎರಡಕ್ಕೇ ಬತ್ತಾನೆ."

"ಸೊಪ್ಪು ಬಿಡಿಸ್ದಂಗಲ್ಲ ಕಣತ್ತಿಗೆ, ಹರಾಜು" ಎಂದ ನಿಂಗ. "ಅದು ಗಂಡಸರ ಲೆಕ್ಕ."

ಗಂಡಸರ ಲೆಕ್ಕ ಮರುದಿನ ಸಂಜೆ ನಾಲ್ಕಕ್ಕೆ ಮುಗಿಯಿತು. ಸ್ಕೂಟರಿನ ಬೆಲೆ ಎಂಟು ನೂರ ಹನ್ನೆರಡು ರೂಪಾಯಿ ಆಗಿತ್ತು, ಸಣ್ಣಸ್ವಾಮಿಯ ಬಿಡ್‌ಗಳು ಖಾಲಿಯಾಗಿದ್ದವು, ಗಡಿಯಾರ ಪುಟ್ಟ-45ರ ಹೆಸರಿನ ಮೇಲೆ ಸೊನ್ನೆಗೆ ಬಂದಿತ್ತು. ಸೌಮ್ಯ ಕಾಲೇಜಿನಿಂದ ಬಂದವಳು ಬಾಗಿಲಲ್ಲಿ ನಿಂತೇ ಲೆಕ್ಕ ಹಾಕಿದಳು. "ಎಂಟು ಸಾವಿರದ ನೂರಿಪ್ಪತ್ತು ಸಲ ಒತ್ತವ್ರೆ. ಅರ್ಧ ಅವನ ಮೆಷಿನ್ನೇ ಒತ್ತಿದ್ರೂ ಸೈಟಿನೋನಿಗೆ ನಲವತ್ತು ಸಾವಿರ ಬಂತು ಅಪ್ಪ. ಸ್ಕೂಟ್ರೂ ಅವನ ಹತ್ರಾನೇ ಐತೆ."

ಆದರೆ ಸಣ್ಣಸ್ವಾಮಿ ಕಂಗಾಲಾಗಿರಲಿಲ್ಲ. ಅವನ ಹತ್ತಿರ ಇನ್ನೊಂದು ದಾರಿಯಿತ್ತು. ಮಾರನೆಯ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೊಟ್ಟಿಗೆಗೆ ಬಂದು, ಎಲ್ಲರಿಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಸೈಟಿನ ಕಚೇರಿಗೆ ಮಾತಾಡಿದ.

"ನೋಡಮ್ಮ, ನಾವು ಹೊಗೆಸೊಪ್ಪಿನ ರೈತರು. ಹರಾಜು ನಮಗೆ ಹೊಸದಲ್ಲ. ಬೆಲೆ ನಮಗೆ ಸರಿ ಬಂದಿಲ್ಲ. ನೋ ಸೇಲ್ ಅಂತ ಹಾಕ್ಕೊ, ನಮ್ ಬಿಡ್ಡು ನಮಗೆ ವಾಪಸ್ ಬರ್ಲಿ."

ಆ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು. "ಸರ್, ನೋ ಸೇಲ್ ಅನ್ನೋಕೆ ನೀವು ಮಾರ್ತಾ ಇಲ್ಲ ಸರ್. ಕೊಳ್ತಾ ಇದೀರ."

"ಕೊಂಡಿಲ್ವಲ್ಲಮ್ಮ, ಅದಕ್ಕೇ ತಾನೆ ವಾಪಸ್ ಕೇಳ್ತಿರೋದು?"

"ಬಿಡ್ಸ್ ಕೊಂಡಿದೀರಲ್ಲ ಸರ್. ಅದನ್ನ ಯೂಸ್ ಮಾಡಿ ಆಗಿದೆ. ಸ್ಕೂಟರ್ ಫುಲ್ ಪ್ರೈಸಿಗೆ ತಗೊಂಡ್ರೆ ಐವತ್ತು ಬಿಡ್ಸ್ ಫ್ರೀ ಕೊಡ್ತೀವಿ ಸರ್."

ಸಣ್ಣಸ್ವಾಮಿ ಇಪ್ಪತ್ನಾಲ್ಕು ವರ್ಷ ಹರಾಜಿನಲ್ಲಿ ನಿಂತಿದ್ದ, ಆದರೆ ಮಾರುವವನ ಕಡೆ ನಿಂತಿದ್ದ. ತಾನು ಯಾವ ಕಡೆ ನಿಂತಿದ್ದೇನೆ ಎಂದು ನೋಡಿಕೊಳ್ಳದೆ ಇಷ್ಟು ದೂರ ನಡೆದು ಬಂದಿದ್ದ. ರಂಗಮ್ಮನಿಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಕಪ್ಪು ಹೊಡೆದ ಎಲೆಯ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೆ? ಪಕ್ಕಕ್ಕಿಡುತ್ತಾರೆ.

ಅವಳು ಮಡಿಲಿನಲ್ಲಿದ್ದ ಎಲೆಗಳನ್ನು ನೆಲಕ್ಕೆ ಇಳಿಸಿ ಎದ್ದಳು. ಸೀರೆ ಕೊಡವಿಕೊಂಡಳು. ಮೂರು ಮನೆ ಆಚೆ ಚಿನ್ನಕ್ಕನ ಕೊಟ್ಟಿಗೆಗೆ ಹೋದಳು. ಗಂಡ ಸತ್ತ ಮೇಲೆ ಬ್ಯಾರನ್ನಿನ ಲೈಸೆನ್ಸು ತನ್ನ ಹೆಸರಿಗೆ ಬಂದು, ಊರಿನಲ್ಲಿ ತಾನೇ ಹರಾಜಿಗೆ ಹೋಗುವ ಒಬ್ಬಳೇ ಹೆಂಗಸು ಚಿನ್ನಕ್ಕ. ಸೊಪ್ಪು ಬಿಡಿಸುವವರಿಗೆ ಸಂಜೆ ಕೂಲಿ ಎಣಿಸಿ ಕೊಡುತ್ತಿದ್ದಳು.

"ನಿಮ್ಮನೇದು ಮುಗೀತಾ ರಂಗಮ್ಮ?"

"ನಂದು ಮುಗೀತು. ಅವ್ರದ್ದು ಐತೆ."

ಚಿನ್ನಕ್ಕ ಜಾಸ್ತಿ ಕೇಳಲಿಲ್ಲ. ಒಂದು ಮಣೆ ಸರಿಸಿದಳು.

ಸಣ್ಣಸ್ವಾಮಿ ಮೊದಲ ವಾರ ನಗಾಡಿಕೊಂಡೇ ಇದ್ದ. ನಿಂಗನನ್ನೂ ಇನ್ನಿಬ್ಬರು ಕೂಲಿಯವರನ್ನೂ ಕೂರಿಸಿಕೊಂಡು ತಾನೇ ಸೊಪ್ಪು ಬಿಡಿಸಿದ. ಹಳದಿಯೆಲ್ಲ ಒಂದೇ ಹಳದಿ ಎಂಬುದು ಅವರ ಅಂದಾಜು. ಹರಾಜಿನಲ್ಲಿ ಕಂಪನಿಯವರು ಬೇಲ್ ಒಳಗೆ ಕೈ ಹಾಕಿ, ನಡುವಿನಿಂದ ಹಸಿರು ಎಲೆ ಎಳೆದು ತೋರಿಸಿ ಮುಂದೆ ಹೋದರು. ಸಣ್ಣಸ್ವಾಮಿ ಗತ್ತಿನಿಂದ "ನೋ ಸೇಲ್" ಎಂದ. ಬೇಲ್‌ಗಳು ಮನೆಗೆ ಬಂದವು. ಮರುವಾರ ಹೋಗಿ ಮತ್ತೆ ಬಂದವು. ಈ ಸಲ ಯಾರೂ ನಾಲ್ಕು ರೂಪಾಯಿ ಏರಿಸಲಿಲ್ಲ. ಜಗಲಿಯಲ್ಲಿ ಕಥೆ ಕೇಳಲು ಜವರನೂ ಬರಲಿಲ್ಲ.

ಮನೆಯಲ್ಲಿ ರಂಗಮ್ಮ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಸೊಪ್ಪಿನ ಮಾತು ಬಂದಾಗ ಮಾತ್ರ ಮಿಕ್ಸಿ ಹಾಕುತ್ತಿದ್ದಳು.

ಮೂರನೆಯ ವಾರ ಅವನು ಚಿನ್ನಕ್ಕನ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಒಳಗೆ ಎಂಟು ಹೆಂಗಸರಿದ್ದರು.

"ಬಾ ಮನೆಗೆ. ಸೊಪ್ಪು ಹಾಳಾಯ್ತಾ ಐತೆ."

ರಂಗಮ್ಮ ಎಲೆ ಬಿಡಿಸುತ್ತಲೇ ಇದ್ದಳು.

"ಬೇಲ್ ಹೋದ್ಮೇಲೆ ಹತ್ತು ಸಾವಿರ ನಿನ್ ಖಾತೆಗೆ ಹಾಕ್ತೀನಿ."

ಅವಳು ಇನ್ನೊಂದು ಎಲೆ ಎತ್ತಿಕೊಂಡಳು.

"ಹದಿನೈದು."

"ಏರ್ಸಣ್ಣ, ಏರ್ಸು" ಎಂದಳು ಚಿನ್ನಕ್ಕ. "ಇನ್ನೂ ಟೈಮ್ ಐತೆ." ಹೆಂಗಸರು ನಕ್ಕರು. ಒಬ್ಬಳು ನಗು ತಡೆಯಲಾರದೆ ಎಲೆಯಿಂದ ಮುಖ ಮುಚ್ಚಿಕೊಂಡಳು.

"ಸರಿ ಕಣೆ, ಇಪ್ಪತ್ತೂ ಹಾಕ್ತೀನಿ. ಬೇಲ್ ಹೋದ್ಮೇಲೆ."

"ನೋ ಸೇಲ್" ಎಂದಳು ರಂಗಮ್ಮ. ಆ ಎರಡು ಪದವನ್ನು ಅವಳು ಜೀವಮಾನದಲ್ಲಿ ಮೊದಲ ಸಲ ಆಡಿದ್ದಳು. ಬಾಯಿಗೆ ಏನೂ ಕಷ್ಟವೆನಿಸಲಿಲ್ಲ.

ಅವನು ಹೋದ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಆ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬೈಕಿನ ಸದ್ದು ಕೇಳದೆ ಅವನು ಬಾಗಿಲಲ್ಲಿ ಕಂಡಾಗ ರಂಗಮ್ಮ ಮೊದಲು ನೋಡಿದ್ದು ಅವನ ಕಾಲನ್ನು. ಮೊಣಕಾಲಿನವರೆಗೂ ಕೆಂಪು ಧೂಳು. ಬಸ್ಸು ನಿಲ್ಲುವ ಕಡೆಯಿಂದ ನಡೆದು ಬಂದಿದ್ದ. ಅವನು ಒಂದು ಕಾಗದ ಚಾಚಿದ. ಶೋರೂಮಿನ ರಸೀದಿ. ಮುಂಗಡ ಇಪ್ಪತ್ತು ಸಾವಿರ, ಗಾಡಿ ರಂಗಮ್ಮನ ಹೆಸರಿಗೆ.

ಅವಳು ಕಾಗದವನ್ನು ಬೆಳಕಿಗೆ ಹಿಡಿದು ಈ ಕಡೆ, ಆ ಕಡೆ, ಎರಡೂ ಕಡೆ ನೋಡಿದಳು. ಎಲೆ ನೋಡುವ ಹಾಗೆ, ಅವಸರವಿಲ್ಲದೆ.

"ಬೈಕು?"

"ಮಾರ್ಬುಟ್ಟೆ." ಅವನು ಬಾಗಿಲ ಚೌಕಟ್ಟನ್ನು ನೋಡುತ್ತ ಹೇಳಿದ. ಆಮೇಲೆ ಧ್ವನಿ ತಗ್ಗಿಸಿದ. "ಹರಾಜಿಗೆ ಹೋಗೋ ದಿನ ನನ್ನ ಹಿಂದ್ಗಡೆ ಕೂರಿಸ್ಕೊಂಡು ಹೋದ್ರೆ ಸಾಕು."

ರಂಗಮ್ಮ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

"ಅದು ಆಮೇಲೆ ನೋಡನ" ಎಂದಳು. "ಮೊದ್ಲು ಫೋನು ಕೊಡಿ. ಖಾತೆಗೆ ಕೊಟ್ಟಿರೋ ನಂಬರು ಇನ್ಮೇಲೆ ನನ್ ಹತ್ರ ಇರ್ಲಿ."

ಅವನು ಕೊಟ್ಟ.

"ಹೋಗಿ. ನಾಳೆ ನಮ್ ಸೊಪ್ಪು ಬಿಡ್ಸೋಕೆ ಬತ್ತೀನಿ. ಇವತ್ತಿನ ಕೂಲಿ ಇಲ್ಲಿ ಇನ್ನೂ ಅರ್ಧ ದಿನದ್ದು ಐತೆ."