ಖಾಲಿ ಬಾಯಿಗೆ ನಲವತ್ತೇಳು

ಅಣ್ಣನ ಅವಸರಕ್ಕೆ ಮದ್ದಿಲ್ಲ ಎಂದು ಗೊಣಗುತ್ತ ಗುಬ್ಬಿ ಟೆಸ್ಟರಿನ ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿದಳು. ಅಂಗೈಯಗಲದ ಪೆಟ್ಟಿಗೆ ಅದು. ಬಿಡಿಭಾಗವನ್ನು ಬಾಯಿಗೆ ಸಿಕ್ಕಿಸಿದರೆ ಅದರ ಯೋಗ್ಯತೆ ಎಷ್ಟೆಂದು ಅಂಕಿಯಲ್ಲಿ ಹೇಳುತ್ತದೆ. ಕೆಪಾಸಿಟರ್ ಮಾತ್ರ ಹೊಟ್ಟೆಯಲ್ಲಿ ಕರೆಂಟು ಬಚ್ಚಿಟ್ಟುಕೊಳ್ಳುವ ಕಳ್ಳ. ಅದರ ಎರಡೂ ಕಾಲಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಖಾಲಿ ಮಾಡದೆ ಟೆಸ್ಟರಿಗೆ ಇಡಬಾರದು, ಅಪ್ಪನ ಕಾಲದಿಂದ ಈ ಅಂಗಡಿಯ ಕಟ್ಟಳೆ. ಬೆಳಿಗ್ಗೆ ಅಣ್ಣ ಹಾಗೇ ಇಟ್ಟುಬಿಟ್ಟ. ಚಟ್ ಎಂದಿತು. ಅದಕ್ಕೇ ಇಬ್ಬರಿಗೂ ಜಗಳ.

“ಏನೂ ಆಗಿಲ್ಲ ಬಿಡೇ, ಅಂಕಿ ಸ್ವಲ್ಪ ಮಿಣುಕುತ್ತೆ ಅಷ್ಟೆ. ನಾನು ಬರೋಷ್ಟರಲ್ಲಿ ಚಿಪ್ ಬದಲಾಯಿಸಿಡು,” ಎಂದವನೇ ಅದರಲ್ಲೇ ಹಳೇ ಡಬ್ಬಿಯ ನಾಲ್ಕು ಕೆಪಾಸಿಟರ್ ನೋಡಿದ. “ನಾಲ್ಕೂ ನಲವತ್ತೇಳು! ಮೈಮೇಲೆ ಬರೆದಷ್ಟೇ ಇದೆ ಕಣೆ.” ಮೂರನ್ನು ಜೇಬಿಗಿಳಿಸಿ, ಗೋದಾಮಿನ ಸರಕು ಲಿಫ್ಟಿನ ಬ್ರೇಕಿಗೆ ಅವನ್ನು ಹಾಕಿ ಸರಿಮಾಡಲು ಹೊರಟ.

ಗುಬ್ಬಿ ಹೊಸ ಚಿಪ್ ಕೂರಿಸಿ, ಕಂಪ್ಯೂಟರಿನಿಂದ ತಂತಿ ಎಳೆದು ಪ್ರೋಗ್ರಾಂ ತುಂಬಿಸಿದಳು. ಮೊದಲ ಸಲ ಅರ್ಧಕ್ಕೇ ನಿಂತಿತು, ಒಂದು ತಂತಿ ಸಡಿಲ. ಎರಡನೇ ಸಲ ಪೂರ್ತಿ ಇಳಿಯಿತು. ಟೆಸ್ಟರಿನ ಮೂರು ಅಳತೆಕಡ್ಡಿಗಳನ್ನು ಒಂದಕ್ಕೊಂದು ಸೇರಿಸಿ ಅಳತೆ ಸರಿಹೊಂದಿಸಿದಳು. ತನ್ನ ಬೆನ್ನು ತಾನೇ ತಟ್ಟಿಕೊಂಡು, ಅಣ್ಣ ಬಿಟ್ಟುಹೋದ ನಾಲ್ಕನೇ ಕೆಪಾಸಿಟರನ್ನು ಇಟ್ಟು ನೋಡಿದಳು.

ಎರಡು.

ಕಾಲು ಉಜ್ಜಿ ಮತ್ತೆ ಇಟ್ಟಳು. ಎರಡೇ. ತನ್ನ ಕೆಲಸದ್ದೇ ಎಡವಟ್ಟೆಂದು ಪೊಟ್ಟಣ ಒಡೆದು ಹೊಸದೊಂದನ್ನು ಇಟ್ಟಳು. ಅದರ ಅಂಕಿಯನ್ನು ಸರಿಯಾಗೇ ಹೇಳಿತು. ಹಳೇ ಚಿಪ್ಪನ್ನೇ ತಿರುಗಿ ಕೂರಿಸಿದಳು. ಅದೇ ಹಾಳು ಕೆಪಾಸಿಟರಿಗೆ ಈಗ ನಲವತ್ತೇಳು. ಅದನ್ನು ತೆಗೆದು, ಬಾಯಲ್ಲಿ ಏನೂ ಇಡದೆ ಗುಂಡಿ ಒತ್ತಿದಳು. ನಲವತ್ತೇಳು.

ಪೆಟ್ಟು ತಿಂದ ಟೆಸ್ಟರನ್ನು ಮೊದಲು ಖಾಲಿ ಬಾಯಲ್ಲಿ ಕೇಳು ಎನ್ನುತ್ತಿದ್ದರು ಅಪ್ಪ. ಅಣ್ಣ ಮರೆತಿದ್ದ, ಅವಳು ಮರೆತಿರಲಿಲ್ಲ. ಬೆಳಗಿನ ಜಗಳದ ಸಿಟ್ಟಿಗೆ, ಹಾಳಾಗಿಹೋಗಲಿ ಎಂದು ತುಟಿ ಬಿಗಿದು ಕೂತಿದ್ದಳು.

ಅಣ್ಣನಿಗೆ ಫೋನ್ ಮಾಡಿದಳು. ಎತ್ತಿದ.

“ಗುಬ್ಬೀ, ಕೆಲಸ ಮುಗೀತು! ಆರನೇ ಮಹಡೀಲಿ ಸರಕು ಹತ್ತಿಸಿದೀವಿ. ನಾನೂ ಒಳಗೇ ಇದೀನಿ, ಇಳಿಸಿ ನೋಡ್ತೀನಿ.”

“ಅಣ್ಣಾ, ಇಳೀಬೇಡ! ಆಚೆ ಬಾ! ಆ ಮೂರೂ ಕೆಟ್ಟಿದಾವೆ!”

“ಏನು? ಮೂರೂ ನಲವತ್ತೇಳು ಕಣೆ, ಕಣ್ಣಾರೆ ನೋಡಿದೀನಿ. ಸರಿಯಾಗಿ ಕೇಳಿಸ್ತಿಲ್ಲ, ಬಾಗಿಲು ಹಾಕ್ತಿದಾರೆ. ಕೆಳಗೆ ಬಂದು ಮಾತಾಡ್ತೀನಿ.”

ಕಬ್ಬಿಣದ ಬಾಗಿಲು ಎಳೆದ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಅವನ ನಂಬರ್ ಒತ್ತಿದಳು, ಹತ್ತಲಿಲ್ಲ. ಮೇಜಿನ ಮೇಲೆ ಟೆಸ್ಟರ್ ಇನ್ನೂ ನಲವತ್ತೇಳು ಅನ್ನುತ್ತಲೇ ಇತ್ತು.

ಗುಬ್ಬಿ ಬರಿಗಾಲಲ್ಲೇ ಓಡಿದಳು. ಗೋದಾಮು ಬೀದಿಯ ಆ ತುದಿಯಲ್ಲೇ ಇತ್ತು. ಅರ್ಧ ದಾರಿ ಓಡಿರಬೇಕು, ಕಾಲಡಿಯ ನೆಲ ಒಮ್ಮೆ ಅದುರಿತು.