ಎರಡು ಹಾನಿ

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಜೋಪಡಿಗಳಿದ್ದವು. ಅಷ್ಟು ಮಂದಿಯಲ್ಲಿ ಕನ್ನಡ ಓದಬಲ್ಲವಳು ಮಾನಮ್ಮ ಒಬ್ಬಳೇ. ಓದು ಅಂದರೆ ಅದೇನು ಮಹಾ ಓದಲ್ಲ, ಬೆರಳಿಟ್ಟು ಕೂಡಿಸಿ ಕೂಡಿಸಿ ಓದುವುದು. ಆದರೂ ಬರಹದ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆಯ ಮಾತು.

ಒಂದು ಬೆಳಿಗ್ಗೆ ನೀರಿನ ಟ್ಯಾಂಕಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಕನ್ನಡ ಅಕ್ಷರ ಕಾಣಿಸಿತು. ಮಾನಮ್ಮ ಕೊಡ ಕೆಳಗಿಟ್ಟು ಹತ್ತಿರ ಹೋದಳು. ಈ ಊರಲ್ಲಿ ಬಸ್ಸು, ದವಾಖಾನೆ, ಪೊಲೀಸ್ ಚೌಕಿ, ಎಲ್ಲದರ ಬೋರ್ಡೂ ಮರಾಠಿ. ತಮ್ಮಂಥವರಿಗೆ ತಮ್ಮದೇ ಲಿಪಿಯಲ್ಲಿ ಹೇಳುವಂಥದ್ದು ಯಾರಿಗೇನಿದ್ದೀತು? ಕೆಂಪು ಬಣ್ಣವನ್ನಂತೂ ಜೋಪಡಿಯವರು ಚೆನ್ನಾಗಿ ಬಲ್ಲರು. ಹೋದ ಸಲ ಬಾಗಿಲುಗಳಿಗೆ ಕೆಂಪು ನಂಬರು ಬಿದ್ದ ಮೇಲೆಯೇ ಬುಲ್ಡೋಜರ್ ಬಂದದ್ದು.

ಅವಳು ಗಟ್ಟಿಯಾಗಿ ಓದಿದಳು: “ಐದು ವರ್ಷದೊಳಗಿನ ಮಕ್ಕಳಿಗೆ ಎರಡು ಹಾನಿ. ರವಿವಾರ ತಪ್ಪದೆ ಕರೆತನ್ನಿ.”

“ಹಾನಿ ಅಂತ ಬರದಾರ?” ಪಕ್ಕದ ಜೋಪಡಿಯ ಮಾಪಣ್ಣ ಕೇಳಿದ.

“ಹಾನಿ ಅಂತಾನೇ ಅದ. ಒಂದಲ್ಲ, ಎರಡು.”

ಮೊಮ್ಮಗ ಚಿನ್ನು ಇನ್ನೂ ಹೆಜ್ಜೆ ಕಲಿಯುತ್ತಿದ್ದ ಕೂಸು. ಮಗಳು ಕಾಮೋಠೆಗೆ ಇಟ್ಟಿಗೆ ಹೊರಲು ಹೋಗುವಾಗ ಅವನನ್ನು ಮಾನಮ್ಮನ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಅವನಿಗೆ ಏನಾದರೂ ಆದರೆ ಮಗಳಿಗೆ ಯಾವ ಮುಖ ತೋರಿಸುವುದು? ಅಂದಿನಿಂದ ಮಾನಮ್ಮ ಅವನನ್ನು ಸೊಂಟದಿಂದ ಇಳಿಸಲೇ ಇಲ್ಲ.

ರವಿವಾರ ಸ್ವರ್ಣಲತಾ ಬಂದಳು. ಉಡುಪಿ ಕಡೆಯವಳು, ಈಗ ಕಾಮೋಠೆಯಲ್ಲಿ ಮನೆ, ಲಸಿಕೆಯ ದಿನಗಳಲ್ಲಿ ಆರೋಗ್ಯ ಇಲಾಖೆಯವರಿಗೆ ನೆರವಾಗುವವಳು. ಹೆಗಲಲ್ಲಿ ನೀಲಿ ಡಬ್ಬಿ. ಒಂದು ಕೂಸೂ ಹೊರಗೆ ಬರಲಿಲ್ಲ.

“ಎಂತ ಮಾರಾಯ್ರೆ, ಮಕ್ಕಳೆಲ್ಲ ಎಲ್ಲಿ? ಪೋಲಿಯೊ ಹನಿ ಹಾಕ್ಲಿಕ್ಕೆ ಬಂದದ್ದು. ಕನ್ನಡದಲ್ಲೇ ಬರೆಸಿದ್ದೇವಲ್ಲ?”

“ಬರಸಿದ್ದು ಓದೀವಿ, ಅಕ್ಕೋರೆ,” ಅಂದಳು ಮಾನಮ್ಮ. “ಹಾನಿ ಮಾಡತೀವಿ ಅಂತ ಮೊದಲಾ ಹೇಳಿ ಬಂದೀರಿ. ಭಾಳ ಧೈರ್ಯ ನಿಮಗ.”

ಸ್ವರ್ಣಲತಾ ಗೋಡೆ ನೋಡಿ ಹಣೆ ಚಚ್ಚಿಕೊಂಡಳು. “ಅಯ್ಯೋ ದೇವರೆ. ಬರೆದವ ಭಿವಂಡಿಯ ಪೇಂಟರ್. ಅವನಿಗೆ ಕನ್ನಡ ಬರುದಿಲ್ಲ, ನೋಡಿ ನೋಡಿ ಬಿಡಿಸಿದ್ದು. ಚಂದ ಕಾಣ್ಲಿ ಅಂತ ಅಕ್ಷರಕ್ಕೆ ಬಾಲ ಎಳ್ದಿದ್ದಾನೆ.” ಹಾಗೆಂದು ಒಂದು ಕಲ್ಲು ಎತ್ತಿಕೊಂಡು ‘ಹಾ’ದ ಬಾಲ ಕೆರೆಯತೊಡಗಿದಳು.

ಮಾನಮ್ಮನಿಗೆ ಸಂಶಯ ಇನ್ನೂ ಹೆಚ್ಚಾಯಿತು. ಸಿಕ್ಕಿಬಿದ್ದ ಮೇಲೆ ಅಳಿಸುವುದು ಯಾವ ನ್ಯಾಯ? ಇವಳ ಕನ್ನಡವೂ ತಮ್ಮ ಕನ್ನಡವಲ್ಲ. ಇನ್ನೂ ಏನೇನು ಬರೆದಿದ್ದಾರೋ ಎಂದು ಅವಳು ಮೊದಲಿನಿಂದ ಬೆರಳಿಟ್ಟಳು. ಐದು. ವರ್ಷದೊಳಗಿನ. ಮಾಕ್ಕಳಿಗೆ.

ಬೆರಳು ಅಲ್ಲೇ ನಿಂತಿತು. ಅಲ್ಲೂ ಅದೇ ಬಾಲ. ಮೊನ್ನೆ ಅದನ್ನು ತನಗೆ ಗೊತ್ತಿಲ್ಲದೆಯೇ ತಿದ್ದಿಕೊಂಡು ‘ಮಕ್ಕಳಿಗೆ’ ಎಂದೇ ಓದಿದ್ದಳು. ಹಾಗಾದರೆ ಹಾನಿಯನ್ನು ಯಾಕೆ ತಿದ್ದಲಿಲ್ಲ? ಯಾಕೆಂದರೆ, ಕೇಡು ಬರುತ್ತದೆಂದೇ ಅವಳು ಕಾಯುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು.

“ಏ ಮಾಪಣ್ಣ, ಅದು ಹನಿ ಅದ. ನಾ ತಪ್ಪು ಓದೀನಿ. ಹುಡುಗರನ್ನ ಕರಕೊಂಡು ಬಾ.”

ಮಾಪಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಅವತ್ತ ಹಾನಿ, ಇವತ್ತ ಹನಿ. ಆಕಿ ಬಂದ ಮ್ಯಾಲ ಓದು ಬದಲಾತೇನು? ನಿನಗೇನು ಕೊಟ್ಟಾಳ?”

ಬಾಗಿಲ ಸಂದಿಗಳಿಂದ ಹೆಂಗಸರು ನೋಡುತ್ತಿದ್ದರು. ಮಾನಮ್ಮ ಸ್ವರ್ಣಲತಾಳ ಮುಂದೆ ಹೋಗಿ ನಿಂತಳು. ಚಿನ್ನುವಿನ ಗಲ್ಲ ಹಿಡಿದು ಬಾಯಿ ತೆರೆಸಿದಳು. ಎರಡು ಹನಿ ಬಿದ್ದವು. ಕೂಸು ಮುಖ ಕಿವುಚಿ ನುಂಗಿತು.

“ಆತಲ್ಲ,” ಅಂದ ಮಾಪಣ್ಣ. “ನಾಕು ದಿನ ನಿನ್ನ ಕೂಸನ್ನ ನೋಡತೀವಿ. ಏನೂ ಆಗದಿದ್ರ ನಮ್ಮವಕ್ಕ ಹಾಕಸತೀವಿ.”

ಮತ್ತೆ ಬರುವುದಾಗಿ ಹೇಳಿ ಸ್ವರ್ಣಲತಾ ಹೊರಟುಹೋದಳು. ಓದಿದ್ದು ಈಗ ಸರಿಯೆಂದು ಮಾನಮ್ಮನಿಗೆ ಗೊತ್ತಿತ್ತು. ಆದರೂ ಕೈ ಆಗಾಗ ಕೂಸಿನ ಹಣೆ ಮುಟ್ಟಿ ನೋಡುತ್ತಿತ್ತು. ಎಲ್ಲ ಜೋಪಡಿಗಳ ಅನುಮಾನವನ್ನು ಈ ಮಗುವಿನ ತಲೆಗೆ ಕಟ್ಟಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಒಬ್ಬರಾದ ಮೇಲೊಬ್ಬರು ಏನೋ ನೆಪ ಮಾಡಿಕೊಂಡು ಬಂದು ಅವನ ಕೈಕಾಲು ನೋಡಿ ಹೋದರು.

ಸಂಜೆ ಕೆಲಸದಿಂದ ಬಂದ ಮಗಳು ಬಾಗಿಲಲ್ಲೇ ನಿಂತು ಕೇಳಿದಳು: “ಅವ್ವಾ, ಎಲ್ಲಾರೂ ನನ್ನ ಕೂಸನ್ನ ಹಂಗ್ಯಾಕ ನೋಡಕತ್ತಾರ?”